ಆಲೆಮನೆಯ ಉರಿ ಬೆಳಕಿಗೆ 800ರ ಕಲರ್ ಫಿಲ್ಮ್: ಹಂತ ಹಂತದ ಟಿಪ್ಪಣಿ

ಕೆಲಸ ಇಷ್ಟು: ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಬೆಳಗಿನ ಜಾವ ಕಬ್ಬಿನ ಹಾಲು ಕುದಿಯುವುದರಿಂದ ಹಿಡಿದು ಪಾಕವನ್ನು ಅಚ್ಚಿಗೆ ಹೊಯ್ಯುವವರೆಗೆ, ಫ್ಲ್ಯಾಷ್ ಇಲ್ಲದೆ, ಅಲ್ಲಿರುವ ಬೆಳಕಿನಲ್ಲೇ ಕಲರ್ ನೆಗೆಟಿವ್ ಫಿಲ್ಮಿನಲ್ಲಿ ತೆಗೆಯುವುದು. ಅಲ್ಲಿ ಬೆಳಕು ಎರಡು ಬಗೆ. ಒಂದು ಒಲೆಯ ಉರಿ, ಇನ್ನೊಂದು ಮಾಡಿನಿಂದ ಇಳಿಬಿಟ್ಟ ಎಲ್‌ಇಡಿ ಬಲ್ಬು. ಫ್ಲ್ಯಾಷ್ ಹಾಕಿದರೆ ಹಬೆಯೇ ಬೆಳಗಿ ಹಿಂದಿನದೆಲ್ಲ ಮುಚ್ಚಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕುದಿಯುವ ಕೊಪ್ಪರಿಗೆಯ ಪಕ್ಕ ನಿಂತವರ ಕಣ್ಣಿಗೆ ಫ್ಲ್ಯಾಷ್ ಹೊಡೆಯುವುದು ಅಪಾಯ.

ಫಿಲ್ಮಿನ ಡಬ್ಬಿ ಮೇಲೆ ಅದರ ವೇಗ, ಅಂದರೆ ಅದು ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಸಂಖ್ಯೆ, 800 ಎಂದಿದೆ, ಬೆಳಕು ಅಳೆಯುವ ಮೀಟರಿಗೂ 800 ಕೊಟ್ಟರಾಯಿತು ಎಂದುಕೊಂಡರೆ ಉರಿ ಬೆಳಕಿನಲ್ಲಿ ನೆಗೆಟಿವ್ ತೆಳ್ಳಗೆ ಬರುತ್ತದೆ. ಆ 800 ಹಗಲು ಬೆಳಕಿಗೆ ಕೊಟ್ಟ ಸಂಖ್ಯೆ. ಬೆಂಕಿಗೆ ಅದೇ ಫಿಲ್ಮಿನ ವೇಗ ಎಷ್ಟು ಎಂದು ಕಂಡುಕೊಳ್ಳುವುದೇ ಈ ಕೆಲಸದ ಅರ್ಧ ಭಾಗವಾಯಿತು.

ಹಂತ 1: ಸಾಮಾನು

ಕ್ಯಾಮೆರಾ ನಿಕಾನ್ ಎಫ್‌ಎಂ2, ಲೆನ್ಸ್ 50 ಎಂಎಂ ಎಫ್/1.4. ಶಟರ್ ಪೂರ್ತಿ ಮೆಕ್ಯಾನಿಕಲ್, ಎರಡು ಎಲ್‌ಆರ್44 ಸೆಲ್ ಬೇಕಾಗುವುದು ಮೀಟರಿಗೆ ಮಾತ್ರ. ಸೆಲ್ ಯಾವ ವಾಚ್ ರಿಪೇರಿ ಅಂಗಡಿಯಲ್ಲಾದರೂ ಸಿಗುತ್ತದೆ. ಈ ಕೆಲಸಕ್ಕೆ ಇದೇ ಕ್ಯಾಮೆರಾ ಆರಿಸಲು ಒಂದು ಕಾರಣವಿದೆ. ಮೀಟರಿನ ಸೂಚನೆ ಒಳಗೆ ಕೆಂಪು ದೀಪಗಳಲ್ಲಿ ಬರುತ್ತದೆ, ಕತ್ತಲಲ್ಲೂ ಕಾಣುತ್ತದೆ. ಮುಳ್ಳಿನ ಮೀಟರಿರುವ ಹಳೆಯ ಕ್ಯಾಮೆರಾಗಳಲ್ಲಿ ಬೆಳಕು ಇಳಿದಾಗ ಮುಳ್ಳೇ ಕಾಣಿಸುವುದಿಲ್ಲ. ಶಟರ್ ಅಂಕಿಗಳು ಮಾತ್ರ ಕತ್ತಲಲ್ಲಿ ಓದಲು ಬರುವುದಿಲ್ಲ, ಸಣ್ಣ ಟಾರ್ಚ್ ಜೇಬಿನಲ್ಲಿರಬೇಕು.

ಹೊರಡುವ ಮೊದಲು ಹಿಂಬಾಗಿಲಿನ ಸ್ಪಂಜಿನ ಸೀಲ್ ನೋಡಬೇಕು. ಹಳೆಯ ಕ್ಯಾಮೆರಾಗಳಲ್ಲಿ ಅದು ಕರಗಿ ಅಂಟಂಟಾಗಿರುತ್ತದೆ, ಹೆಚ್ಚು ವೇಗದ ಫಿಲ್ಮಿನಲ್ಲಿ ಸಣ್ಣ ಸೋರಿಕೆಯೂ ಫ್ರೇಮಿನ ಅಂಚಿಗೆ ಕಿತ್ತಳೆ ಪಟ್ಟೆಯಾಗಿ ಬೀಳುತ್ತದೆ. ಹಳೆಯದನ್ನು ಹಲ್ಲುಕಡ್ಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಕೆರೆದು ತೆಗೆದು, ಸೀಲ್ ಇದ್ದ ತೋಡಿನೊಳಗೆ ಕಪ್ಪು ಉಲ್ಲನ್ ದಾರ ಕೂರಿಸಿದ್ದು. ಹೆಣಿಗೆ ದಾರದ ಒಂದು ಉಂಡೆ ಎಷ್ಟೋ ಕ್ಯಾಮೆರಾಗಳಿಗೆ ಸಾಕು.

ಫಿಲ್ಮ್: ಕೊಡಾಕ್ ಪೋರ್ಟ್ರಾ 800, 36 ಫ್ರೇಮಿನದು. ಹೋಲಿಕೆಗೆ ಸಿನೆಸ್ಟಿಲ್ 800ಟಿ. ಪೋರ್ಟ್ರಾ ರೋಲಿಗೆ ಸುಮಾರು 2,200 ರೂಪಾಯಿ, ಮನೆಯಲ್ಲೇ ತೊಳೆದರೆ ಕೆಮಿಕಲ್ ಪಾಲು ಸುಮಾರು 400. ಅಂದರೆ ಒಂದು ಫ್ರೇಮಿಗೆ 72 ರೂಪಾಯಿ ಬೀಳುತ್ತದೆ. ಹೀಗಿರುವಾಗ ಒಂದು ಪೂರ್ತಿ ರೋಲನ್ನು ಪರೀಕ್ಷೆಗೆ ಕೊಡುವುದು ದುಂದು ಅನಿಸಬಹುದು. ಆದರೆ ಪರೀಕ್ಷೆ ಮಾಡದಿದ್ದರೆ ಕೆಲಸದ ರೋಲುಗಳೇ ಪರೀಕ್ಷೆಯಾಗುತ್ತವೆ. ಅವಧಿ ಮುಗಿದ ಅಗ್ಗದ ರೋಲ್ ಈ ಕೆಲಸಕ್ಕೆ ಬೇಡವೇ ಬೇಡ. ವೇಗದ ಫಿಲ್ಮ್ ನಿಧಾನದ ಫಿಲ್ಮಿಗಿಂತ ಬೇಗ ಮಬ್ಬಾಗುತ್ತದೆ, ನಮಗೆ ಬೇಕಾದ ನೆರಳಿನ ವಿವರವೇ ಮೊದಲು ಹೋಗುವುದು. ಫ್ರಿಜ್ಜಿನಿಂದ ತೆಗೆದ ರೋಲನ್ನು ಒಂದೆರಡು ಗಂಟೆ ಡಬ್ಬಿಯೊಳಗೇ ಬಿಟ್ಟು ಆಮೇಲೆ ತೆರೆಯಬೇಕು, ಇಲ್ಲದಿದ್ದರೆ ಫಿಲ್ಮಿನ ಮೇಲೆ ತೇವ ಕೂರುತ್ತದೆ.

ಇನ್ನುಳಿದವು ಟ್ರೈಪಾಡ್, ಕೇಬಲ್ ರಿಲೀಸ್, ನೋಟ್‌ಬುಕ್, ಎರಡು ಹತ್ತಿ ಬಟ್ಟೆ. ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿಟ್ಟು ಹೋಗಬೇಕು. ಉರಿಯಾಗಲಿ ಬಲ್ಬಾಗಲಿ ಫ್ರೇಮಿನೊಳಗಿದ್ದರೆ, ಆ ಚಪ್ಪಟೆ ಗಾಜು ಅದರ ಇನ್ನೊಂದು ಬಿಂಬವನ್ನು ತಲೆಕೆಳಗಾಗಿ ಎದುರು ಮೂಲೆಯಲ್ಲಿ ಮೂಡಿಸುತ್ತದೆ.

ಹಂತ 2: ಬೆಳಕು ಅಳೆದದ್ದು

ಯಜಮಾನರ ಒಪ್ಪಿಗೆ ಪಡೆದು, ಫಿಲ್ಮ್ ಹಾಕದೆ, ಬರೀ ಮೀಟರ್ ಹಿಡಿದು ಒಂದು ಪೂರ್ತಿ ಅಡುಗೆ ನೋಡಿದ್ದು. ಮೀಟರ್ 800ಕ್ಕಿಟ್ಟು, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2ಕ್ಕಿಟ್ಟಾಗ ಸಿಕ್ಕ ಶಟರ್ ಅಳತೆ, ಸೆಕೆಂಡಿನ ಲೆಕ್ಕದಲ್ಲಿ: ಒಲೆಯ ಬಾಯಿಯೆದುರು ಕೂತು ಕಬ್ಬಿನ ಸಿಪ್ಪೆ ತಳ್ಳುವವರ ಮುಖಕ್ಕೆ 1/60. ಅಚ್ಚು ಹಾಕುವ ಜಾಗದಲ್ಲಿ, ಬಲ್ಬಿನ ಕೆಳಗೆ, 1/30. ಕೊಪ್ಪರಿಗೆಯ ಆಚೆ ಬದಿ ನಿಂತು ಮಡ್ಡಿ ತೆಗೆಯುವವರಿಗೆ 1/15. ಗಾಣದ ಕಡೆ, ಹೊರಗೆ, ಬೆಳಕು ಹರಿಯುವ ಮುಂಚೆ 1/8.

ಮೀಟರನ್ನು ಇಡೀ ದೃಶ್ಯದ ಕಡೆ ಹಿಡಿದರೆ ಕೆಲಸ ಕೆಡುತ್ತದೆ. ಎಫ್‌ಎಂ2 ಮೀಟರ್ ನಡುಭಾಗಕ್ಕೆ ಶೇ 60 ತೂಕ ಕೊಡುತ್ತದೆ. ನಡುವೆ ಉರಿ ಬಂದರೆ ಅದು ಉರಿಯನ್ನೇ ಅಳೆದು ಮುಖವನ್ನು ಕಪ್ಪು ಮಾಡಿಬಿಡುತ್ತದೆ, ಬೆನ್ನ ಹಿಂದಿನಿಂದ ಬೆಳಗಿದ ಹಬೆಯೂ ಹಾಗೆಯೇ. ಹತ್ತಿರ ಹೋಗಿ ಮುಖವನ್ನಷ್ಟೇ ತುಂಬಿಕೊಂಡು ಅಳೆದು, ಹಿಂದೆ ಸರಿದು, ಆ ಅಳತೆಯಲ್ಲೇ ತೆಗೆಯಬೇಕು. ನಮ್ಮ ಕಡೆಯ ಮೈಬಣ್ಣ ಹೆಚ್ಚುಕಡಿಮೆ ಮೀಟರಿನ ನಡುಬೂದು ಬಣ್ಣಕ್ಕೆ ಹತ್ತಿರ ಇರುವುದರಿಂದ ಮುಖದ ಅಳತೆಯನ್ನು ತಿದ್ದಬೇಕಾಗಿಲ್ಲ. ಹತ್ತಿರ ಹೋಗಲಾಗದಿದ್ದರೆ ಅದೇ ಬೆಳಕಿಗೆ ಅಂಗೈ ಹಿಡಿದು ಅಳೆಯಬಹುದು. ಅಂಗೈ ಮುಖಕ್ಕಿಂತ ಸುಮಾರು ಒಂದು ಸ್ಟಾಪ್ ತಿಳಿ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ), ಅಷ್ಟು ಹೆಚ್ಚು ಬೆಳಕು ಕೊಡಬೇಕು.

ಉರಿ ಒಂದೇ ಸಮ ಇರುವುದಿಲ್ಲ. ಹೊಸದಾಗಿ ಸಿಪ್ಪೆ ತಳ್ಳಿದ ಕೂಡಲೇ ಮಂಕಾಗುತ್ತದೆ, ಕೆಲವು ಸೆಕೆಂಡಿನಲ್ಲಿ ಭಗ್ಗನೆ ಎದ್ದು ಬೆಳಕು ಒಂದು ಸ್ಟಾಪಿನಷ್ಟು ಏರುತ್ತದೆ, ಮತ್ತೆ ಇಳಿಯುತ್ತದೆ. ಅಳೆಯುವುದನ್ನು ಮಂಕಾದಾಗ ಅಳೆದು, ತೆಗೆಯುವುದನ್ನು ಎದ್ದಾಗ ತೆಗೆದರೆ ಒಂದು ಸ್ಟಾಪ್ ಹೆಚ್ಚುವರಿ ಬೆಳಕು ತಾನಾಗಿ ಸಿಗುತ್ತದೆ. ಉರಿ ಹಾಕುವವರ ಕೈ ಲಯ ಸ್ವಲ್ಪ ಹೊತ್ತು ಗಮನಿಸಿದರೆ ಇದು ಲೆಕ್ಕಕ್ಕೆ ಸಿಗುತ್ತದೆ. ಅವರ ಮತ್ತು ಸಿಪ್ಪೆ ರಾಶಿಯ ನಡುವೆ ಮಾತ್ರ ನಿಲ್ಲಬಾರದು, ಕೊಪ್ಪರಿಗೆಯ ಸುತ್ತ ಟ್ರೈಪಾಡ್ ಕಾಲು ಚಾಚಬಾರದು.

ಹಂತ 3: ಪರೀಕ್ಷೆಯ ರೋಲ್

ಪ್ರತಿ ಜಾಗಕ್ಕೂ ಐದು ಫ್ರೇಮಿನ ಒಂದು ಕಂತು. ಕ್ಯಾಮೆರಾ ಟ್ರೈಪಾಡಿನ ಮೇಲೆ, ಅಪರ್ಚರ್ ಎಫ್/2ರಲ್ಲೇ, ಶಟರ್ ಮಾತ್ರ ಬದಲು. ಒಲೆಯೆದುರು 1/125, 1/60, 1/30, 1/15, 1/8. ಅಂದರೆ ಫಿಲ್ಮನ್ನು ಕ್ರಮವಾಗಿ 1600, 800, 400, 200, 100 ಎಂದು ಎಣಿಸಿದಂತೆ; ಸಂಖ್ಯೆ ಇಳಿದಷ್ಟೂ ಫಿಲ್ಮಿಗೆ ಬೀಳುವ ಬೆಳಕು ಹೆಚ್ಚು. ಬಲ್ಬಿನ ಕೆಳಗೂ ಅದೇ ಲೆಕ್ಕ. ಫ್ರೇಮ್ ಸಂಖ್ಯೆ, ಶಟರ್, ಉರಿ ಏರಿತ್ತೋ ಇಳಿದಿತ್ತೋ, ಇಷ್ಟನ್ನು ಅಲ್ಲೇ ಬರೆದುಕೊಳ್ಳಬೇಕು. ಆಮೇಲೆ ನೆನಪಿನಿಂದ ಬರೆದದ್ದು ಉಪಯೋಗಕ್ಕೆ ಬರುವುದಿಲ್ಲ. ರೋಲನ್ನು ಪುಷ್ ಮಾಡದೆ (ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡದೆ) ಮಾಮೂಲಿನಂತೆ ಡೆವಲಪ್ ಮಾಡಿದ್ದು.

ಒಲೆಯೆದುರಿನ ಕಂತು. 1600: ಮುಖದ ಉರಿ ಕಡೆಯ ಅರ್ಧ ಬಿಟ್ಟರೆ ಏನೂ ಇಲ್ಲ. 800: ಮೊದಲ ನೋಟಕ್ಕೆ ಪರವಾಗಿಲ್ಲ ಅನಿಸುತ್ತದೆ, ಬಣ್ಣ ತಿದ್ದಲು ಹೋದಾಗ ಗೊತ್ತಾಗುತ್ತದೆ. ಮುಖದ ಕಿತ್ತಳೆ ತಗ್ಗಿಸಿದಷ್ಟೂ ಹಿಂದಿನ ಕತ್ತಲು ನೀಲಿಯಾಗುತ್ತ, ಅದರಲ್ಲಿ ದಪ್ಪ ಗ್ರೇನ್ (ಫಿಲ್ಮಿನ ಕಣಗಳು) ಕುದಿಯುತ್ತದೆ. 400: ಮುಖದ ಬಣ್ಣ, ಹೆಗಲ ಟವೆಲಿನ ಬಣ್ಣ, ಉರಿಯ ಬಣ್ಣ ಮೂರೂ ಬೇರೆ ಬೇರೆಯಾಗಿ ನಿಂತವು, ಕತ್ತಲು ಕಪ್ಪಾಗಿಯೇ ಉಳಿಯಿತು. 200: ನೆರಳು ಇನ್ನೂ ಚೆನ್ನ, ಹಿಂದಿನ ಗೋಡೆಯ ಮಸಿಯೂ ಕಾಣುತ್ತದೆ. 100: ನೆಗೆಟಿವ್ ದಪ್ಪವಾದರೂ ಕೆಡಲಿಲ್ಲ, ಸ್ಕ್ಯಾನಿನಲ್ಲಿ ಇಳಿಸಬಹುದು. ಬಿಳಿಚಿಕೊಂಡದ್ದು ಉರಿ ಮಾತ್ರ, ಅದು 800ರಲ್ಲೂ ಬಿಳಿಚಿಯೇ ಇತ್ತು.

ಬಲ್ಬಿನ ಕೆಳಗಿನ ಕಂತಿನಲ್ಲಿ ಕಥೆ ಬೇರೆ. ಅಲ್ಲಿ 800ರ ಫ್ರೇಮೇ ಸರಿಯಾಗಿತ್ತು, 400ರದ್ದು ಸ್ವಲ್ಪ ನುಣುಪು, ಅಷ್ಟೇ ವ್ಯತ್ಯಾಸ. ಒಂದೇ ಚಪ್ಪರದ ಕೆಳಗೆ, ಹತ್ತು ಹೆಜ್ಜೆಯ ಅಂತರದಲ್ಲಿ, ಒಂದೇ ಫಿಲ್ಮಿಗೆ ಎರಡು ವೇಗ.

ಕಾರಣ ಇದು. ಕಲರ್ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಬೇರೆ ಬೇರೆ ಪದರಗಳಿವೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಬೆಳಕು ಕೆಂಪು. ಸುಮಾರು 5500 ಕೆಲ್ವಿನ್‌ನ ಹಗಲು ಬೆಳಕಿನಲ್ಲಿ ಮೂರಕ್ಕೂ ಸಮಪಾಲು ಸಿಗುವಂತೆ ಪೋರ್ಟ್ರಾವನ್ನು ಮಾಡಿದ್ದಾರೆ. ಬೆಂಕಿಯ ಬೆಳಕು ಸುಮಾರು 2000 ಕೆಲ್ವಿನ್. ಅದರಲ್ಲಿ ಕೆಂಪು ಧಾರಾಳ, ನೀಲಿ ತೀರಾ ಕಡಿಮೆ. ಮೀಟರ್ ಬಣ್ಣ ನೋಡುವುದಿಲ್ಲ, ಒಟ್ಟು ಬೆಳಕನ್ನು ಲೆಕ್ಕ ಹಾಕಿ 1/60 ಎನ್ನುತ್ತದೆ. ಆ 1/60ರಲ್ಲಿ ಕೆಂಪು ಪದರಕ್ಕೆ ಬೇಕಾದಷ್ಟು ಸಿಕ್ಕಿರುತ್ತದೆ, ನೀಲಿ ಪದರ ಉಪವಾಸ ಇರುತ್ತದೆ. ನೀಲಿಗೂ ಒಂದಿಷ್ಟು ಸಿಗಲೆಂದೇ ಒಂದು ಸ್ಟಾಪ್ ಹೆಚ್ಚು ಕೊಡುವುದು. ಕೆಂಪು ಪದರಕ್ಕೆ ಅದು ಜಾಸ್ತಿಯಾಗುತ್ತದೆ, ಆದರೆ ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ತಾಳುತ್ತದೆ, ಕಡಿಮೆ ಬೆಳಕನ್ನು ತಾಳುವುದಿಲ್ಲ. ಎಲ್‌ಇಡಿ ಬಿಳಿ ಬಲ್ಬಿನಲ್ಲಿ ನೀಲಿಗೆ ಕೊರತೆಯಿಲ್ಲ, ಅದಕ್ಕೇ ಅಲ್ಲಿ 800 ನಡೆಯಿತು.

ಇದಾದ ಮೇಲೆ ಒಲೆಯ ಕಡೆ ತಿರುಗಿದಾಗ ಮೀಟರ್ 400ಕ್ಕೆ, ಬಲ್ಬಿನ ಕಡೆ 800ಕ್ಕೆ. ಒಂದೇ ರೋಲಿನಲ್ಲಿ ಹೀಗೆ ಮಾಡಬಹುದೇ ಎಂದರೆ ಧಾರಾಳವಾಗಿ ಮಾಡಬಹುದು. ಡೆವಲಪ್ ಬದಲಾಗುವುದಿಲ್ಲ, ಎಕ್ಸ್‌ಪೋಷರ್ ಮಾತ್ರ ಬದಲಾಗುತ್ತದೆ.

ಹಂತ 4: ನೀಲಿ ಫಿಲ್ಟರ್

80ಎ ಎಂಬ ನೀಲಿ ಫಿಲ್ಟರ್ 3200 ಕೆಲ್ವಿನ್ ಬೆಳಕನ್ನು ಹಗಲು ಬೆಳಕಿನ ಹತ್ತಿರ ತರುತ್ತದೆ. ಎರಡು ಸ್ಟಾಪ್ ನುಂಗುತ್ತದೆ. ಪೋರ್ಟ್ರಾ 800ಕ್ಕೆ 80ಎ ಜೊತೆ 200 ಎಂದು ಕೊಡಾಕ್ ಕಂಪನಿಯೇ ಹೇಳುತ್ತದೆ. ಒಲೆಯೆದುರು ಎಫ್/2ರಲ್ಲಿ ಅದು 1/15ಕ್ಕೆ ಬಂದು ನಿಂತಿತು. ಸಿಪ್ಪೆ ತಳ್ಳುವ ಕೈ ಪೂರ್ತಿ ಅಲುಗಿಹೋಯಿತು, ಫಿಲ್ಟರಿನ ಗಾಜಿನಿಂದ ಉರಿಯ ಇನ್ನೊಂದು ಬಿಂಬವೂ ಮೂಡಿತು. ಬೆಂಕಿ 3200ಕ್ಕಿಂತ ಬಹಳ ಕೆಳಗಿರುವುದರಿಂದ ಕಿತ್ತಳೆ ಪೂರ್ತಿ ಹೋಗಲೂ ಇಲ್ಲ. ಫಿಲ್ಟರ್ ಇಲ್ಲದೆ 200ಕ್ಕೆ ತೆಗೆದ ಫ್ರೇಮನ್ನು ಸ್ಕ್ಯಾನಿನಲ್ಲಿ ತಿದ್ದಿದಾಗ ಬಂದ ಬಣ್ಣಕ್ಕೂ ಇದಕ್ಕೂ ದೊಡ್ಡ ಅಂತರವಿಲ್ಲ. ಅಲುಗಾಡದ ವಸ್ತುಗಳಿಗೆ, ಉದಾಹರಣೆಗೆ ಉರಿಯ ಬೆಳಕು ಬೀಳುವ ಕಡೆ ಸಾಲಾಗಿಟ್ಟ ಬೆಲ್ಲಕ್ಕೆ, ಟ್ರೈಪಾಡ್ ಇಟ್ಟು ಬಳಸಬಹುದು. ಜನರಿರುವ ಫ್ರೇಮಿಗೆ ಬೇಡ.

ಹಂತ 5: ಪುಷ್ ಮಾಡಿದ ರೋಲ್

ರಾತ್ರಿ ಎಂದರೆ ಪುಷ್ ಮಾಡು ಎನ್ನುವ ಸಲಹೆ ಎಲ್ಲೆಲ್ಲೂ ಕೇಳುತ್ತದೆ. ಒಂದು ರೋಲನ್ನು 1600 ಎಂದು ಎಣಿಸಿ ತೆಗೆದು, ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡಿನ ಬದಲು 3 ನಿಮಿಷ 45 ಸೆಕೆಂಡ್ ಇಟ್ಟಿದ್ದು. ಎರಡು ಸ್ಟಾಪ್ ಪುಷ್‌ಗೆ 4 ನಿಮಿಷ 15 ಸೆಕೆಂಡ್.

ಫಲಿತಾಂಶ: ಬೆಳಕು ಬಿದ್ದ ಜಾಗ ದಪ್ಪವಾಯಿತು, ಕಾಂಟ್ರಾಸ್ಟ್ ಏರಿತು, ಗ್ರೇನ್ ಏರಿತು. ನೆರಳು ಇದ್ದಲ್ಲೇ ಇತ್ತು. ಫಿಲ್ಮಿನ ಮೇಲೆ ಬೀಳದೇ ಹೋದ ಬೆಳಕನ್ನು ಡೆವಲಪರ್ ತಂದುಕೊಡುವುದಿಲ್ಲ. ಉರಿಯೆದುರಿನ ಫ್ರೇಮುಗಳಲ್ಲಿ, ಮೊದಲೇ ಹಸಿದಿದ್ದ ನೀಲಿ ಪದರಕ್ಕೆ ಸಿಕ್ಕದ್ದು ಇನ್ನೂ ಅರ್ಧವಾಗಿ, ಕಣ್ಣಿನ ಗುಳಿಗಳು ಕೆಸರು ಬಣ್ಣಕ್ಕೆ ತಿರುಗಿದವು. ಬಲ್ಬಿನ ಕೆಳಗಿನವು ಗ್ರೇನ್ ಹೊರತಾಗಿ ಚೆನ್ನಾಗಿಯೇ ಇದ್ದವು. ಆದ್ದರಿಂದ ಈ ಕೆಲಸದಲ್ಲಿ ಪುಷ್ ಕೈಬಿಟ್ಟದ್ದು. ಅದಕ್ಕೆ ತಕ್ಕ ಜಾಗ ಬೇರೆ ಇದೆ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಪಂಜುಗಳೇ ವಸ್ತು, ನೆರಳಿನ ವಿವರ ಯಾರಿಗೂ ಬೇಡ, ಶಟರ್ ವೇಗ ಬೇಕು. ಅಲ್ಲಿ 1600 ಸಲ್ಲುತ್ತದೆ. ಪುಷ್ ಮಾಡಿದರೆ ಇಡೀ ರೋಲಿಗೆ ಮಾಡಬೇಕು ಎಂಬುದು ನೆನಪಿರಲಿ.

ಹಂತ 6: ಟಂಗ್‌ಸ್ಟನ್ ಫಿಲ್ಮ್, ಮೈಸೂರಿನಲ್ಲಿ

ಸಿನೆಸ್ಟಿಲ್ 800ಟಿ ಟಂಗ್‌ಸ್ಟನ್ (ತಂತಿ ಬಲ್ಬಿನ) ಬೆಳಕಿಗೆ, ಅಂದರೆ 3200 ಕೆಲ್ವಿನ್‌ಗೆ ಹೊಂದಿಸಿದ ಫಿಲ್ಮ್. ಮೂಲದಲ್ಲಿ ಅದು ಕೊಡಾಕ್ ವಿಷನ್3 500ಟಿ ಸಿನಿಮಾ ಫಿಲ್ಮ್. ಹಿಂಬದಿಯ ರೆಮ್‌ಜೆಟ್ ಎಂಬ ಕಪ್ಪು ಲೇಪ ತೆಗೆದು, ಸಿ-41ರಲ್ಲಿ (ಕಲರ್ ನೆಗೆಟಿವ್ ತೊಳೆಯುವ ಮಾಮೂಲಿ ವಿಧಾನ) ತೊಳೆಯುವಂತೆ ಮಾಡಿ ಮಾರುತ್ತಾರೆ. ಲೇಪ ಇಲ್ಲದ್ದರಿಂದ ತೀಕ್ಷ್ಣ ಬೆಳಕು ಫಿಲ್ಮನ್ನು ದಾಟಿ, ಹಿಂದಿನ ಒತ್ತು ತಗಡಿಗೆ ಬಡಿದು ವಾಪಸಾಗುತ್ತದೆ. ವಾಪಸು ಬಂದದ್ದು ಮೊದಲು ಸೇರುವುದು ಎಲ್ಲಕ್ಕಿಂತ ಕೆಳಗಿರುವ ಕೆಂಪು ಪದರವನ್ನು. ಹಾಗಾಗಿ ಪ್ರತಿ ದೀಪದ ಸುತ್ತ ಕೆಂಪು ಪ್ರಭೆ.

ಇದನ್ನು ನೋಡಲು ಅರಮನೆಯ ದೀಪಾಲಂಕಾರಕ್ಕಿಂತ ಒಳ್ಳೆಯ ಜಾಗವಿಲ್ಲ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳರ ಸುಮಾರಿಗೆ ದೀಪ ಹತ್ತುತ್ತದೆ, ದಸರಾದಲ್ಲಿ ದಿನವೂ. ಎಫ್/2.8, 1/60 ಸರಿಹೋಯಿತು. ಹತ್ತಿರದಿಂದ ಒಂದು ಕಮಾನನ್ನಷ್ಟೇ ತೆಗೆದರೆ ಪ್ರಭೆ ಚೆಂದ. ದೂರದಿಂದ ಇಡೀ ಅರಮನೆ ಹಿಡಿದರೆ ಪಕ್ಕಪಕ್ಕದ ಬಲ್ಬುಗಳ ಪ್ರಭೆಗಳು ಒಂದಕ್ಕೊಂದು ಕೂಡಿ, ಗುಮ್ಮಟದ ಗೆರೆಗಳು ದಪ್ಪಗಾಗಿ ಕೆಂಪು ಮಬ್ಬಿನಲ್ಲಿ ಮುಳುಗುತ್ತವೆ. ಆ ಚಿತ್ರಕ್ಕೆ ಪೋರ್ಟ್ರಾನೇ ವಾಸಿ. ಆಕಾಶ ನೀಲಿಯಾಗಿ ಬೇಕೆಂದರೆ ತಿಂಗಳು ನೋಡಿ ಹೋಗಬೇಕು: ಡಿಸೆಂಬರಿನಲ್ಲಿ ಮೈಸೂರಿನ ಸೂರ್ಯಾಸ್ತ ಆರರ ಹೊತ್ತಿಗೇ ಆಗಿ ಏಳಕ್ಕೆ ಕಗ್ಗತ್ತಲು, ಜೂನಿನಲ್ಲಿ 6.45 ದಾಟಿದ ಮೇಲೆ ಸೂರ್ಯಾಸ್ತ, ಏಳಕ್ಕೆ ಆಕಾಶದಲ್ಲಿ ಇನ್ನೂ ಬಣ್ಣ ಇರುತ್ತದೆ.

ಆಲೆಮನೆಯಲ್ಲಿ 800ಟಿ ಮುಖದ ಬಣ್ಣವನ್ನು ಪೋರ್ಟ್ರಾಗಿಂತ ಚೆನ್ನಾಗಿ ಹಿಡಿಯಿತು, ಒಲೆಯ ಬಾಯಿಯ ಸುತ್ತಲಿನ ಕೆಂಪು ಪ್ರಭೆ ಅಲ್ಲಿಗೆ ಅಸಹಜ ಅನಿಸಲಿಲ್ಲ. ಆದರೆ ಬೆಂಕಿ 3200ಕ್ಕಿಂತ ಕೆಳಗೇ ಇರುವುದರಿಂದ ಇದಕ್ಕೂ 500 ಎಂದು ಎಣಿಸುವುದು ಕ್ಷೇಮ. ಬಿಳಿ ಬಲ್ಬಿನ ಕೆಳಗೆ ಎಲ್ಲ ನೀಲಿ.

ಎಚ್ಚರಿಕೆ ಒಂದು. 500ಟಿ ಸಿನಿಮಾ ಫಿಲ್ಮನ್ನು ರೆಮ್‌ಜೆಟ್ ಸಮೇತ ಸಣ್ಣ ಡಬ್ಬಿಗೆ ಸುತ್ತಿ ಕಡಿಮೆ ಬೆಲೆಗೆ ಮಾರುವವರಿದ್ದಾರೆ. ಫಿಲ್ಮ್ ಒಳ್ಳೆಯದೇ, ಆದರೆ ಅದನ್ನು ಯಾವ ಲ್ಯಾಬಿನ ಸಿ-41 ಮೆಷಿನ್ನಿಗೂ ಹೇಳದೆ ಕೊಡಬಾರದು. ಆ ಕಪ್ಪು ಲೇಪ ಕಳಚಿ ಮೆಷಿನ್ನಿನ ಕೆಮಿಕಲ್ಲಿಗೆ ಸೇರಿದರೆ ಅದರ ಹಿಂದೆ ಬರುವ ಬೇರೆಯವರ ಮದುವೆ, ನಾಮಕರಣದ ರೋಲುಗಳೆಲ್ಲ ಹಾಳು. ಮನೆಯಲ್ಲಾದರೆ ಡೆವಲಪರಿಗಿಂತ ಮೊದಲು, ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕರಗಿಸಿ, ಒಂದು ನಿಮಿಷ ನೆನೆಸಿ, ಟ್ಯಾಂಕನ್ನು ಜೋರಾಗಿ ಕುಲುಕಿ ಚೆಲ್ಲಬೇಕು. ನೀರು ಇದ್ದಿಲಿನಂತೆ ಕಪ್ಪಾಗಿ ಬರುತ್ತದೆ. ತಿಳಿಯಾಗುವವರೆಗೆ ಬರೀ ಬಿಸಿನೀರು ಹಾಕಿ ಕುಲುಕಬೇಕು. ಕೊನೆಯ ತೊಳೆತದ ನಂತರ ಹಿಂಬದಿಯನ್ನು ಒದ್ದೆ ಹತ್ತಿಬಟ್ಟೆಯಿಂದ ಒರೆಸಬೇಕು. ಎಮಲ್ಷನ್ (ಬಣ್ಣದ ಪದರಗಳು) ಇರುವ ಮುಂಬದಿ ಮುಟ್ಟಬಾರದು.

ಹಂತ 7: ಡೆವಲಪ್

ಪೇಟರ್ಸನ್ ಟ್ಯಾಂಕ್, ಎರಡು ರೀಲಿಗೆ ಸುಮಾರು 600 ಎಂಎಲ್. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್. ಇಡೀ ಕೆಲಸದಲ್ಲಿ ಬಿಗಿಯಾಗಿ ಹಿಡಿಯಬೇಕಾದ ಅಂಕಿ ಇದೊಂದೇ. ಬಕೆಟ್ಟಿಗೆ ಗೀಸರಿನ ನೀರು ತುಂಬಿ 40 ಡಿಗ್ರಿಗೆ ತಂದು, ಬಾಟಲಿಗಳನ್ನು ಅದರಲ್ಲಿ ಕುತ್ತಿಗೆವರೆಗೆ ಮುಳುಗಿಸಿ, ಡೆವಲಪರ್ ಬಾಟಲಿಯ ಒಳಗೇ ಥರ್ಮಾಮೀಟರ್ ಇಟ್ಟು ಕಾಯಬೇಕು. ಬಕೆಟ್ಟಿನ ನೀರಿನ ಅಳತೆಯನ್ನು ನಂಬಬಾರದು, ಬಾಟಲಿಯೊಳಗಿನದು ಅದಕ್ಕಿಂತ ತಡವಾಗಿ ಏರುತ್ತದೆ. ಟ್ಯಾಂಕಿಗೂ ಮೊದಲು ಒಂದು ನಿಮಿಷ ಅದೇ ಬಿಸಿಯ ನೀರು ಹಾಕಿ ಚೆಲ್ಲಬೇಕು. ತಣ್ಣನೆಯ ಟ್ಯಾಂಕಿಗೆ ಹೊಯ್ದರೆ ಡೆವಲಪರಿನ ಬಿಸಿ ತಕ್ಷಣ ಇಳಿದು ನೆಗೆಟಿವ್ ತೆಳ್ಳಗಾಗುತ್ತದೆ. ಡಿಸೆಂಬರಿನ ಮೈಸೂರಿನಲ್ಲಿ ಇದು ಖಂಡಿತ ಆಗುತ್ತದೆ.

3 ನಿಮಿಷ 15 ಸೆಕೆಂಡಿನಲ್ಲಿ ಡೆವಲಪರ್ ಚೆಲ್ಲುವ ಹೊತ್ತೂ ಸೇರಿದೆ. ಆಮೇಲೆ ಬ್ಲಿಕ್ಸ್ (ಫಿಲ್ಮಿನ ಬೆಳ್ಳಿ ತೆಗೆದು ಬಣ್ಣದ ಚಿತ್ರ ಉಳಿಸುವ ದ್ರಾವಣ) 8 ನಿಮಿಷ. ಬ್ಲಿಕ್ಸ್ ಹಾಕಿ ಮುಚ್ಚಿ ಕುಲುಕಿದಾಗ ಒಳಗೆ ಒತ್ತಡ ಏರಿ ಮುಚ್ಚಳ ಎಗರುತ್ತದೆ, ಕೆಂಪು ಕಲೆ ಗ್ರಾನೈಟ್ ಕಟ್ಟೆಯಿಂದಲೂ ಹೋಗುವುದಿಲ್ಲ. ಮೊದಲ ಕೆಲವು ಕುಲುಕಿಗೆ ಪ್ರತಿ ಸಲ ಮುಚ್ಚಳದ ಅಂಚು ಎತ್ತಿ ಗಾಳಿ ಬಿಡಬೇಕು. ನೀರಿನಲ್ಲಿ ಮೂರು ನಿಮಿಷ ತೊಳೆದು, ಸ್ಟೆಬಿಲೈಸರಿನಲ್ಲಿ (ಬಣ್ಣ ಕಾಯುವ ಕೊನೆಯ ದ್ರಾವಣ) ಒಂದು ನಿಮಿಷ, ಆಮೇಲೆ ತೊಳೆಯದೆ ನೇತುಹಾಕುವುದು. ಬೋರ್‌ವೆಲ್ ನೀರಿನಲ್ಲಿ ಸ್ಟೆಬಿಲೈಸರ್ ಕಲಸಿದರೆ ಸುಣ್ಣದ ಚುಕ್ಕೆ ಗ್ಯಾರಂಟಿ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಆ ತೊಂದರೆ ಮುಗಿಯುತ್ತದೆ.

ಹಂತ 8: ಸ್ಕ್ಯಾನ್

ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಕೆಳಗೆ ಎಲ್‌ಇಡಿ ಪ್ಯಾನೆಲ್. ಐಎಸ್‌ಒ 100, ಎಫ್/8, ರಾ ಫೈಲ್. ಬಣ್ಣ ತಿದ್ದುವಾಗ ಉರಿಯ ಫ್ರೇಮನ್ನು ಪೂರ್ತಿ ತಟಸ್ಥ ಮಾಡಲು ಹೋಗಬಾರದು. ಟವೆಲ್ ಅಚ್ಚ ಬಿಳುಪಾಗುವವರೆಗೆ ಎಳೆದರೆ ಕತ್ತಲಿನ ನೀಲಿ ಮೇಲೇಳುತ್ತದೆ, ನೋಡಿದವರಿಗೆ ಅದು ಬೆಂಕಿಯ ಬೆಳಕು ಅನಿಸುವುದೂ ಇಲ್ಲ. ಕಿತ್ತಳೆಯನ್ನು ಅರ್ಧದಷ್ಟು ತೆಗೆದು ನಿಲ್ಲಿಸಿದ್ದೇ ಹೆಚ್ಚಿನ ಫ್ರೇಮುಗಳಿಗೆ ಸರಿಹೋಯಿತು.

ಇನ್ನೂ ಬಿಡಿಸದ ಗಂಟು

ಹಬೆ: ಹೊರಗಿನ ಚಳಿಯಿಂದ ಒಳಗೆ ಹೋದ ಲೆನ್ಸ್ ಕ್ಷಣದಲ್ಲಿ ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಒಳಗಿಟ್ಟು ಅರ್ಧ ಗಂಟೆ ಬೆಚ್ಚಗಾಗಲು ಬಿಡುವುದು ಇದಕ್ಕೆ ಪರಿಹಾರ.

ಪರಿಹಾರ ಸಿಗದೆ ಉಳಿದಿರುವುದು ಪಾಕ ಅಚ್ಚಿಗೆ ಹೊಯ್ಯುವ ಫ್ರೇಮ್. ಅಲ್ಲಿ ಮುಖದ ಒಂದು ಪಕ್ಕ ಉರಿ, ಇನ್ನೊಂದು ಪಕ್ಕ ಬಿಳಿ ಬಲ್ಬು. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ, ಯಾವ ಫಿಲ್ಮಿನಿಂದಲೂ ಇದು ಸರಿಹೋಗುವುದಿಲ್ಲ. ಮುಂದಿನ ರೋಲಿಗೆ ಯಜಮಾನರನ್ನು ಕೇಳಿಕೊಂಡು ಆ 9 ವ್ಯಾಟಿನ ಬಿಳಿ ಬಲ್ಬಿನ ಜಾಗಕ್ಕೆ ಅದೇ ಹೋಲ್ಡರಿಗೆ ಕೂರುವ 2700 ಕೆಲ್ವಿನ್‌ನ ಹಳದಿ ಎಲ್‌ಇಡಿ ಹಾಕಿ ನೋಡುವುದು. ಮೀಟರ್ ಅಲ್ಲಿಯೂ 800 ಬಿಟ್ಟು 500ಕ್ಕೆ.